ಎರಡು ಊರಿನ ದಫ್ತರಕ್ಕೆ ಒಂದೇ ರಿಜಿಸ್ಟರ್

ಮಠದ್ದೋ ಸಂಘದ್ದೋ ಹಳೆಯ ದಫ್ತರ (ಕಾಗದಪತ್ರ) ಅರ್ಧ ಕಲಬುರಗಿಯಲ್ಲಿ, ಅರ್ಧ ಬೀದರಿನಲ್ಲಿದ್ದರೆ ಎರಡೂ ಕಡೆ ಒಂದೊಂದು ‘ಬಸ್ತಾ 12’ (ಬಸ್ತಾ ಎಂದರೆ ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟು) ಇದ್ದೇ ಇರುತ್ತದೆ. ತೊಡಕು ಶುರುವಾಗುವುದು ಅಲ್ಲಿಂದ.

ಕಡತಕ್ಕೆ ಒಮ್ಮೆ ಕೊಟ್ಟ ನಂಬರು, 00417 ಅನ್ನಿ, ಅದು ಯಾವ ಊರಿಗೆ ಹೋದರೂ ಬದಲಾಗಬಾರದು. ಇರುವ ಜಾಗಕ್ಕೆ ಬೇರೆ ಗುರುತು ಕೊಡಿ: ‘ಕ1-03-04-12’ ಅಂದರೆ ಕಲಬುರಗಿಯ ಮೊದಲ ಕೋಣೆ, 3ನೇ ರ‍್ಯಾಕ್, 4ನೇ ಹಲಗೆ, 12ನೇ ಡಬ್ಬಿ. ಮುಂದಿನ ‘ಕ1’ ಬಿಟ್ಟು ಬರೀ 03-04-12 ಎಂದು ಎಕ್ಸೆಲ್‌ನಲ್ಲಿ ಹೊಡೆದರೆ ಅದು ತಾರೀಖಾಗಿ ಕೂರುತ್ತದೆ. 00417 ಸಹ 417 ಆಗುತ್ತದೆ. ಆ ಕಾಲಂಗಳನ್ನು ಮೊದಲೇ ‘ಟೆಕ್ಸ್ಟ್’ಗೆ ಬದಲಿಸಿ. ಹಳೆಯ ಬಸ್ತಾ ನಂಬರು ಅಳಿಸಬೇಡಿ, ಪಕ್ಕದ ಕಾಲಂನಲ್ಲಿರಲಿ. ಹಳೆಯ ಪತ್ರಗಳು ಅದನ್ನೇ ಹೇಳುತ್ತವೆ.

ಇಸವಿಯಲ್ಲೂ ಎರಡೂ ಊರಿಗೆ ಒಂದೇ ಪದ್ಧತಿ ಬೇಕು. ನಿಜಾಮರ ಕಾಲದ ಉರ್ದು, ಮೋಡಿ (ಮರಾಠಿಯ ಹಳೆಯ ಲಿಪಿ) ಕಾಗದಗಳಲ್ಲಿ ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷವಿರುತ್ತದೆ. ಅದಕ್ಕೆ 590 ಕೂಡಿಸಿ, ಮುಂದಿನ ಇಸವಿಯನ್ನೂ ಸೇರಿಸಿ ಬರೆಯಿರಿ: 1357 ಫಸಲಿ ಎಂದರೆ 1947-48. ಕಾಗದದ ಮೇಲಿದ್ದದ್ದು ಒಂದು ಕಾಲಂ, ಲೆಕ್ಕ ಹಾಕಿದ್ದು ಇನ್ನೊಂದು. ಯಾದಗಿರಿಯ ಕಾಗದ ಹುಡುಕುವವರಿಗೂ ಒಂದು ಮಾತು: ಅದು ಜಿಲ್ಲೆಯಾದದ್ದು 2009ರ ಕೊನೆಗೆ, ಅದರ ಹಿಂದಿನದೆಲ್ಲ ಗುಲ್ಬರ್ಗಾ ಜಿಲ್ಲೆಯ ಹೆಸರಿನಲ್ಲೇ ಸಿಗುತ್ತದೆ.

ಡಬ್ಬಿ ಊರು ಬದಲಿಸುವಾಗ ಚೀಟಿ ಮೂರು ಪ್ರತಿ: ಒಂದು ಖಾಲಿಯಾದ ಜಾಗದಲ್ಲಿ, ಒಂದು ಡಬ್ಬಿಯೊಳಗೆ, ಒಂದು ರಿಜಿಸ್ಟರ್ ನೋಡುವವರ ಕೈಗೆ. ಆ ಕಡೆಯವರು ಕಡತ ಎಣಿಸಿ, ‘ಬಂತು’ ಎಂದ ಮೇಲೆಯೇ ಜಾಗದ ಗುರುತು ತಿದ್ದಬೇಕು. ಹೊರಟಾಗಲೇ ತಿದ್ದಿದರೆ ದಾರಿಯಲ್ಲಿ ಉಳಿದ ಡಬ್ಬಿ ಪುಸ್ತಕದಲ್ಲಿ ಮಾತ್ರ ಬೀದರ್ ಸೇರಿರುತ್ತದೆ. ತಿದ್ದುವ ಹಕ್ಕು ಒಬ್ಬರಿಗೇ ಇರಲಿ. ಇನ್ನೊಂದು ಊರಿನವರು ನೋಡಿದರೆ ಸಾಕು. ಡಬ್ಬಿ 10 ಕೆ.ಜಿ. ಮೀರದಿರಲಿ, ಮೀರಿದರೆ ತಳ ಹರಿಯುತ್ತದೆ. ಮೇ ತಿಂಗಳ ಬಿಸಿಲಲ್ಲಿ, ಮಳೆಯಲ್ಲಿ ಸಾಗಿಸುವುದು ಬೇಡ.

ಬಂದ ಡಬ್ಬಿ ನೇರ ರ‍್ಯಾಕಿಗೇರಬಾರದು. ಎರಡು ವಾರ ಬೇರೆ ಕೋಣೆಯಲ್ಲಿ, ಬಿಳಿ ಕಾಗದದ ಮೇಲೆ ಇಡಿ. ಕೆಳಗೆ ಹುಡಿ ಉದುರಿದ್ದರೆ ಒಳಗೆ ಹುಳ ಇರಬಹುದು, ಬಿಚ್ಚಿ ನೋಡಿ. ರ‍್ಯಾಕು ಗೋಡೆಯಿಂದಲೂ ನೆಲದಿಂದಲೂ ಅರ್ಧ ಅಡಿ ದೂರವಿರಲಿ. ನೆಲಕ್ಕೆ ಹಾಸಿದ ಶಹಾಬಾದ್ ಪರ್ಸಿ ಕಲ್ಲಿನ ಸಂದಿಯಿಂದ ಗೆದ್ದಲು ಮೇಲೆ ಬರುವುದು ಆಗ ಮಾತ್ರ ಕಣ್ಣಿಗೆ ಬೀಳುತ್ತದೆ.

ಮೂರು ತಿಂಗಳಿಗೊಮ್ಮೆ ಎರಡೂ ಊರಲ್ಲಿ ತಾಳೆ ನೋಡಿ: ರಿಜಿಸ್ಟರಿನಿಂದ 20 ನಂಬರು ಆರಿಸಿ ಹಲಗೆಯಲ್ಲಿ ಹುಡುಕಿ, ಆಮೇಲೆ ಹಲಗೆಯಿಂದ 20 ಕಡತ ತೆಗೆದು ರಿಜಿಸ್ಟರಿನಲ್ಲಿ ಹುಡುಕಿ. ಎರಡನೆಯದನ್ನು ಹೆಚ್ಚಿನವರು ಬಿಡುತ್ತಾರೆ. ಲೆಕ್ಕಕ್ಕೇ ಸೇರದ ಕಡತ ಸಿಗುವುದು ಅದರಲ್ಲೇ.