ನಲವತ್ತು ಫೈಲ್, ಒಂದೇ ಮ್ಯಾಪಿಂಗ್ ಶೀಟ್: ನನ್ನ ಅನುಭವ

ತಿಂಗಳಿಗೆ ಸುಮಾರು ನಲವತ್ತು ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಸಾಲು ಸಾಲಾಗಿ ಬರೆದ ಡೇಟಾ) ನನ್ನ ಹತ್ರ ಬರುತ್ತವೆ, ಎಲ್ಲದರ ಕಾಲಂ ಹೆಸರು, ಕ್ರಮ ಎರಡನ್ನೂ ಒಂದೇ ಮಾದರಿಗೆ ತರಬೇಕು. ಒಬ್ಬರದು 'ಕಸ್ಟಮರ್ ಐಡಿ', ಇನ್ನೊಬ್ಬರದು 'ಕಸ್ಟ್ ನಂ.', ಮತ್ತೊಬ್ಬರದು ಬರೀ 'ಐಡಿ'. ಕಾಲಂ ಕ್ರಮವೂ ಒಬ್ಬೊಬ್ಬರದು ಒಂದೊಂದು. ಎಲ್ಲಕ್ಕೂ ಪೈಥಾನ್‌ನ ಒಂದೇ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಸಾಕು ಅಂದಾಗ ಜೊತೆಯವರು ಒಪ್ಪಲೇ ಇಲ್ಲ, ಫೈಲಿಗೊಂದು ಮ್ಯಾಕ್ರೊ ಬೇಕೇ ಬೇಕು ಅಂದರು. ಈಗ ವರ್ಷದ ಮೇಲಾಯಿತು, ಆ ಒಂದೇ ಸ್ಕ್ರಿಪ್ಟ್ ಓಡುತ್ತಿದೆ.

ಎಕ್ಸೆಲ್‌ನಲ್ಲಿ ರೆಕಾರ್ಡ್ ಮಾಡಿದ ಮ್ಯಾಕ್ರೊ, ಅಂದರೆ ನಾವು ಮಾಡಿದ ಹಂತಗಳನ್ನೇ ಮತ್ತೆ ಮಾಡುವ ವ್ಯವಸ್ಥೆ, ನೋಡುವುದು ಕಾಲಂ ಇರುವ ಜಾಗವನ್ನು, ಹೆಸರನ್ನಲ್ಲ. ಕಳಿಸುವವರು ನಡುವೆ ಒಂದು ಕಾಲಂ ತೂರಿಸಿದರೆ ಮೊತ್ತದ ಜಾಗದಲ್ಲಿ ದಿನಾಂಕ ಬಂದು ಕೂರುತ್ತದೆ. ಡೇಟಾ ತಂದು ಹದ ಮಾಡಲು ಎಕ್ಸೆಲ್‌ನಲ್ಲೇ ಇರುವ ಪವರ್ ಕ್ವೆರಿ ಇದಕ್ಕಿಂತ ವಾಸಿ. ಆದರೆ ಹೆಸರಲ್ಲಿ ಒಂದಕ್ಷರ ಬದಲಾದರೂ ರಿನೇಮ್ ಹಂತದಲ್ಲಿ ನಿಂತುಬಿಡುತ್ತದೆ. 'ಮಿಸ್ಸಿಂಗ್‌ಫೀಲ್ಡ್ ಇಗ್ನೋರ್' (ಸಿಗದ ಕಾಲಂ ಬಿಟ್ಟು ಮುಂದೆ ಹೋಗು) ಅಂತ ಹಾಕಿದರೆ ನಿಲ್ಲುವುದಿಲ್ಲ ನಿಜ, ಹಳೆ ಹೆಸರು ಹಾಗೇ ಉಳಿದು ಮುಂದೆಲ್ಲೋ ಕೈ ಕೊಡುತ್ತದೆ. ನಡುವೆ ದುಡ್ಡು ಕೊಟ್ಟು ಒಂದು ಆನ್‌ಲೈನ್ ಟೂಲ್ ಕೂಡ ತಗೊಂಡಿದ್ದೆ. ಸಾಲಿನ ಲೆಕ್ಕದಲ್ಲಿ ಬಿಲ್. ಈ ಕೆಲಸದಿಂದ ಬರುತ್ತಿದ್ದ ದುಡ್ಡಲ್ಲಿ ಹೆಚ್ಚೂಕಡಿಮೆ ಕಾಲು ಭಾಗ ಅದಕ್ಕೇ ಹೋಗುತ್ತಿತ್ತು.

ಕೊನೆಗೆ ಗೆದ್ದದ್ದು ಮೂರು ಕಾಲಂನ ಒಂದು ಶೀಟ್: ಹಳೆ ಹೆಸರು, ಹೊಸ ಹೆಸರು, ಕ್ರಮಸಂಖ್ಯೆ. ಹೊಸ ಹೆಸರು ಒಂದಕ್ಕೆ ಹಳೆ ಹೆಸರು ಹತ್ತಿದ್ದರೂ ಸರಿ, ಹತ್ತು ಸಾಲು. ಸ್ಕ್ರಿಪ್ಟ್‌ನಲ್ಲಿ ಬಳಸುವ ಪಾಂಡಾಸ್ (ಟೇಬಲ್ ಡೇಟಾಗಾಗಿ ಇರುವ ಪೈಥಾನ್ ಲೈಬ್ರರಿ) ಇದನ್ನು ಓದಿ ಹೆಸರು ಬದಲಿಸುತ್ತದೆ, ಕ್ರಮದಲ್ಲಿ ಜೋಡಿಸುತ್ತದೆ.

ಜಾಸ್ತಿ ಕಾಡಿದ್ದು ಮೊದಲ ಕಾಲಂ. ಕಣ್ಣಿಗೆ ಹೆಸರು ಸರಿಯಾಗೇ ಇದೆ, ಶೀಟ್‌ನಲ್ಲೂ ಅದೇ ಇದೆ, ಆದರೂ ಕೆಲವು ಫೈಲ್‌ಗಳಲ್ಲಿ ಹೊಂದುತ್ತಲೇ ಇರಲಿಲ್ಲ. ಫೈಲಿನ ತಲೆಯಲ್ಲಿ ಕಾಣದ ಬಿಒಎಂ ಗುರುತು (ಅಕ್ಷರಗಳ ಎನ್‌ಕೋಡಿಂಗ್ ಯಾವುದೆಂದು ಸೂಚಿಸುವ ಗುರುತು) ಕೂತು ಮೊದಲ ಹೆಸರಿಗೆ ಅಂಟಿಕೊಂಡಿತ್ತು! ಎನ್‌ಕೋಡಿಂಗ್ 'ಯುಟಿಎಫ್-8-ಸಿಗ್' ಅಂತ ಕೊಟ್ಟ ಮೇಲೆ ಸರಿಹೋಯಿತು. ಹಾಗೇ ಹೆಸರಿನ ಕೊನೆಯ ಸ್ಪೇಸ್. ವೆಬ್‌ನಿಂದ ಬಂದ ಡೇಟಾದಲ್ಲಿ ಅದು ಎಷ್ಟೋ ಸಲ ಮಾಮೂಲಿ ಸ್ಪೇಸ್ ಆಗಿರುವುದಿಲ್ಲ, ಕ್ಯಾರೆಕ್ಟರ್ 160 (ಸಾಲು ಮುರಿಯದಂತೆ ಹಾಕುವ ಬೇರೆ ಬಗೆಯ ಸ್ಪೇಸ್) ಆಗಿರುತ್ತದೆ, ಎಕ್ಸೆಲ್‌ನ ಟ್ರಿಮ್ ಅದನ್ನು ಮುಟ್ಟುವುದೇ ಇಲ್ಲ, ಪೈಥಾನ್‌ನ ಸ್ಟ್ರಿಪ್ ಮಾತ್ರ ತೆಗೆಯುತ್ತದೆ.

ಕ್ರಮ ಬದಲಿಸಲು ಪಾಂಡಾಸ್‌ನ ರಿಇಂಡೆಕ್ಸ್ ಬಳಸಬೇಡಿ. ಇಲ್ಲದ ಕಾಲಂಗೆ ಅದು ಸುಮ್ನೆ ಖಾಲಿ ತುಂಬಿ ಮುಂದೆ ಹೋಗುತ್ತದೆ. ಕಾಲಂ ಹೆಸರಿನ ಪಟ್ಟಿಯನ್ನೇ ಕೊಟ್ಟು ಆರಿಸಿದರೆ ಇಲ್ಲದ್ದಕ್ಕೆ ಎರರ್ ಬರುತ್ತದೆ, ನಮಗೆ ಬೇಕಾದ್ದು ಅದೇ ಅಲ್ವಾ? ಫೈಲ್ ಓದುವಾಗಲೇ 'ಯೂಸ್‌ಕೋಲ್ಸ್'ನಲ್ಲಿ (ಯಾವ ಕಾಲಂ ಬೇಕು ಅಂತ ಹೇಳುವ ಆಯ್ಕೆ) ಕ್ರಮ ಕೊಟ್ಟರೂ ಪ್ರಯೋಜನವಿಲ್ಲ, ಪಾಂಡಾಸ್ ಆ ಕ್ರಮವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಲ್ಲವನ್ನೂ ಟೆಕ್ಸ್ಟ್ ಆಗಿ ಓದಿ, ಇಲ್ಲದಿದ್ದರೆ ಐಡಿಗಳ ಮುಂದಿನ ಸೊನ್ನೆ ಹೋಗುತ್ತದೆ.

ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್‌ನಲ್ಲೂ ಒಂದು ಕೈ ನೋಡಿದೆ. 2018ರ 3.25 ಆವೃತ್ತಿಯಿಂದ ಕಾಲಂ ಹೆಸರು ಬದಲಿಸಬಹುದು, ಆದರೆ ಟೇಬಲ್‌ನಲ್ಲಿ ಕ್ರಮ ಬದಲಿಸಬೇಕಾದರೆ ಹೊಸ ಟೇಬಲ್ ಕಟ್ಟಬೇಕು. ಒಂದೇ ಫೈಲ್ ಇದ್ದರೆ ಇಷ್ಟೆಲ್ಲ ಯಾಕೆ, ಎಕ್ಸೆಲ್‌ನಲ್ಲೇ ಮೇಲೊಂದು ಸಾಲು ಸೇರಿಸಿ, ಕ್ರಮಸಂಖ್ಯೆ ಬರೆದು, ಸಾರ್ಟ್ ಆಪ್ಷನ್‌ನಲ್ಲಿ 'ಎಡದಿಂದ ಬಲಕ್ಕೆ' ಆರಿಸಿ. ನಿಮಿಷದ ಕೆಲಸ.

ಮೊದಲು ಎರಡು ದಿನ ತಿನ್ನುತ್ತಿದ್ದ ಕೆಲಸ ಈಗ ನಾಲ್ಕೈದು ನಿಮಿಷದ್ದು. ಗಂಟೆ ಲೆಕ್ಕ ಬಿಟ್ಟು ಫೈಲ್ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತೇನೆ, ಕೈಗೆ ಉಳಿಯುವುದು ಹತ್ತಿರ ಹತ್ತಿರ ದುಪ್ಪಟ್ಟು. ಗೊತ್ತಿಲ್ಲದ ಹೆಡರ್ (ಕಾಲಂ ಹೆಸರು) ಬಂದರೆ ಸ್ಕ್ರಿಪ್ಟ್ ಅದನ್ನು ಶೀಟ್‌ನ ಕೊನೆಗೆ ಸೇರಿಸಿ, ಆ ಫೈಲನ್ನು ಪಕ್ಕಕ್ಕಿಡುತ್ತದೆ. ಒಳಗಿನ ಡೇಟಾ ನೋಡಿ ಅದು ಯಾವ ಕಾಲಂ ಅಂತ ಊಹೆಯನ್ನೂ ಬರೆದಿಡುತ್ತದೆ, ಹತ್ತರಲ್ಲಿ ಎಂಟು ಸಲ ಸರಿಯಾಗಿರುತ್ತದೆ. ಆ ಊಹೆ ಹೇಗೆ ಮಾಡಿಸುತ್ತೇನೆ ಅನ್ನುವುದು ಮಾತ್ರ ಸದ್ಯಕ್ಕೆ ನನ್ನ ಹತ್ರವೇ ಇರಲಿ.