ಒಂದು ಸಾಲು ಬರೆಯಲು ಎರಡು ಸಂಜೆ

ಹಳೆಯ ಕಂಪ್ಯೂಟರ್, ಎಕ್ಸ್‌ಫ್ರೀ86 (ಪರದೆಯ ಮೇಲೆ ಚಿತ್ರ ಮೂಡಿಸುವ ಪ್ರೋಗ್ರಾಂ, ಚಿಕ್ಕದಾಗಿ ಎಕ್ಸ್) ಕಾಲದ ಲಿನಕ್ಸ್, ಡಬ್ಬಿಯಂಥ ಸಿಆರ್‌ಟಿ ಮಾನಿಟರ್. ಸ್ಟಾರ್ಟ್‌ಎಕ್ಸ್ ಅಂತ ಟೈಪ್ ಮಾಡಿದರೆ ಡೆಸ್ಕ್‌ಟಾಪ್ ಬರುತ್ತಿತ್ತು. ಆದರೆ 640×480ರಲ್ಲಿ ಮಾತ್ರ. ಸೆಟ್ಟಿಂಗ್ಸ್ ತೆರೆದರೆ 'ಓಕೆ' ಬಟನ್ನೇ ಪರದೆಯಿಂದ ಆಚೆ!

ಡ್ರೈವರ್‌ದೇ ತೊಂದರೆ ಅಂದುಕೊಂಡೆ. ಹೆಚ್ಚಿನ ಕಾರ್ಡುಗಳಿಗೆ ಹೊಂದುವ ವೆಸಾ ಡ್ರೈವರ್ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಎರಡು ಸಂಜೆ ಸುಮ್ನೆ ಹೋದವು. ಲಾಗ್ ಫೈಲಿನಲ್ಲಿ ಎರರ್ ಸಾಲುಗಳನ್ನಷ್ಟೇ ಹುಡುಕುತ್ತಿದ್ದೆ. ಒಂದೂ ಇರಲಿಲ್ಲ. ಎಕ್ಸ್ ಲೆಕ್ಕದಲ್ಲಿ ಎಲ್ಲ ಸರಿಯಾಗೇ ಶುರುವಾಗಿತ್ತಲ್ಲ, ಎರರ್ ಎಲ್ಲಿಂದ ಬರಬೇಕು? ಬೇಸತ್ತು ಲಾಗನ್ನು ಮೊದಲಿನಿಂದ ಓದಿದೆ. ಬರೀ ಮಾಹಿತಿ ಅಂತ ಗುರುತಿದ್ದ ಸಾಲುಗಳ ನಡುವೆ ಉತ್ತರ ಕೂತಿತ್ತು: 1024×768 ಬಳಸುತ್ತಿಲ್ಲ, 'ಎಚ್‌ಸಿಂಕ್ ಔಟ್ ಆಫ್ ರೇಂಜ್'. ಅಂದರೆ ಹಾರಿಜಾಂಟಲ್ ಸಿಂಕ್, ಸೆಕೆಂಡಿಗೆ ಎಳೆಯುವ ಗೆರೆಗಳ ಲೆಕ್ಕ, ಮಿತಿಯ ಹೊರಗಿದೆ.

ಆಗ ನೆನಪಾಯಿತು. ಮೊದಲ ಸಲ ಸೆಟಪ್ ಮಾಡುವಾಗ ಮಾನಿಟರ್ ಯಾವ ಬಗೆಯದು ಅಂತ ಕೇಳಿತ್ತು. ತಪ್ಪು ಹೇಳಿದರೆ ಮಾನಿಟರ್ ಸುಟ್ಟೀತು ಅನ್ನುವ ಹೆದರಿಕೆಯಲ್ಲಿ ಮೊದಲನೆಯದನ್ನೇ, ಸ್ಟ್ಯಾಂಡರ್ಡ್ ವಿಜಿಎ ಅನ್ನುವುದನ್ನು, ಆರಿಸಿದ್ದೆ. ಅದರ ಹಾರಿಜಾಂಟಲ್ ಸಿಂಕ್ 31.5 ಕಿಲೋಹರ್ಟ್ಜ್, ಅಷ್ಟೇ.

ಲೆಕ್ಕ ನೋಡಿ. 1024×768ಕ್ಕೆ ಕಾಣುವ ಗೆರೆಗಳು 768. ಪರದೆಯ ಮೇಲೆ ಗೆರೆ ಎಳೆಯುವ ಕಿರಣ ಕೆಳಗಿನಿಂದ ಮತ್ತೆ ಮೇಲಕ್ಕೆ ಹೋಗುವ ಹೊತ್ತಿನವೂ ಸೇರಿ ಒಟ್ಟು 806. ಸೆಕೆಂಡಿಗೆ 60 ಸಲ ಬರೆದರೆ ಸುಮಾರು 48,400 ಗೆರೆ, ಅಂದರೆ 48.4 ಕಿಲೋಹರ್ಟ್ಜ್. ನಾನು ಕೊಟ್ಟಿದ್ದು 31.5. ಪಾಪ, ಎಕ್ಸ್ ನನ್ನ ಮಾತನ್ನೇ ಕೇಳಿತ್ತು!

ಮಾನಿಟರಿನ ಕೈಪಿಡಿಯಲ್ಲಿ 30ರಿಂದ 54 ಅಂತಿತ್ತು. ಎಕ್ಸ್‌ನ ಸೆಟ್ಟಿಂಗ್ಸ್ ಇರುವ ಎಕ್ಸ್‌ಎಫ್86ಕಾನ್ಫಿಗ್ ಫೈಲಿನ ಕಾಪಿ ತೆಗೆದಿಟ್ಟು, ಮಾನಿಟರ್ ವಿಭಾಗದ ಹಾರಿಜ್‌ಸಿಂಕ್ ಸಾಲಿನಲ್ಲಿ ಅದನ್ನೇ ಬರೆದೆ. ವರ್ಟ್‌ರಿಫ್ರೆಶ್ (ಸೆಕೆಂಡಿಗೆ ಎಷ್ಟು ಸಲ ಪೂರ್ತಿ ಚಿತ್ರ ಬರೆಯುವುದು) ಕೂಡ ಕೈಪಿಡಿ ನೋಡಿಯೇ ತುಂಬಿಸಿದೆ. ಇಲ್ಲಿ ಅಂದಾಜು ಬೇಡ, ಹಳೆಯ ಸಿಆರ್‌ಟಿಗಳು ಮಿತಿ ಮೀರಿದರೆ ನಿಜಕ್ಕೂ ಹಾಳಾಗಬಹುದು.

ಮತ್ತೆ ಸ್ಟಾರ್ಟ್‌ಎಕ್ಸ್. ಆ ಸಾಲು ಹೋಯಿತು, ಹೊಸದೊಂದು ಬಂತು: ಮೆಮೊರಿ ಸಾಲದು. ವಿಡಿಯೋ ಕಾರ್ಡಿನಲ್ಲಿ ಇದ್ದದ್ದೇ 2 ಎಂಬಿ. 24 ಬಿಟ್ ಬಣ್ಣಕ್ಕೆ ಕಮ್ಮಿ ಅಂದರೂ 2.25 ಎಂಬಿ ಬೇಕು. 16 ಬಿಟ್‌ಗೆ 1.5 ಸಾಕು. ಅದೇ ಫೈಲಿನಲ್ಲಿ ಡಿಫಾಲ್ಟ್‌ಡೆಪ್ತ್ 16 ಮಾಡಿದೆ. ಬಣ್ಣದಲ್ಲಿ ವ್ಯತ್ಯಾಸ ನನಗಂತೂ ಜಾಸ್ತಿ ಕಾಣಲಿಲ್ಲ.

ಪೂರ್ತಿ ಸರಿಹೋಗುವ ತನಕ ಬೂಟ್ ಹೇಗಾಗಬೇಕು ಅಂತ ಹೇಳುವ ಇನಿಟ್‌ಟ್ಯಾಬ್ ಫೈಲಿನಲ್ಲಿ ರನ್‌ಲೆವೆಲ್ 3 ಇಟ್ಟಿದ್ದೆ. ಬೂಟ್ ಆದರೆ ಟೆಕ್ಸ್ಟ್ ಲಾಗಿನ್‌ಗೇ ಬರುತ್ತಿತ್ತು, ಪರದೆ ಕಪ್ಪಾದರೆ ಕಂಟ್ರೋಲ್, ಆಲ್ಟ್, ಬ್ಯಾಕ್‌ಸ್ಪೇಸ್ ಒತ್ತಿ ಹೊರಗೆ ಬರಬಹುದಿತ್ತು.

ಈಗ 1024×768 ಬಂತು, ಆದರೆ ಚಿತ್ರ ಬಲಕ್ಕೆ ಸ್ವಲ್ಪ ಸರಿದಿತ್ತು. ಗೆರೆಗಳ ಲೆಕ್ಕವನ್ನೆಲ್ಲ ಹೇಳುವ ಮೋಡ್‌ಲೈನ್ ಅನ್ನುವ ಸಾಲನ್ನು ತಿದ್ದಲು ಕೂತೆ. ಆಮೇಲೆ ಮಾನಿಟರಿನ ಮುಂದಿದ್ದ ಬಟನ್‌ಗಳು ಕಣ್ಣಿಗೆ ಬಿದ್ದವು. ನಾಲ್ಕು ಸಲ ಒತ್ತಿದೆ, ಚಿತ್ರ ನಡುವಿಗೆ ಬಂತು.