ಬ್ರೌಸರ್‌ನ ದೊಡ್ಡ ಅಪ್‌ಡೇಟ್: ನಾನು ಹಾಕುವುದು ಯಾವಾಗ, ಹೇಗೆ

ಹೊಸ ಆವೃತ್ತಿ ಬಂತೆಂದರೆ ಹೊಸ ಸೌಲಭ್ಯಗಳ ಪಟ್ಟಿಗಿಂತ ಮೊದಲು ಭದ್ರತಾ ತಿದ್ದುಪಡಿಗಳ ಪುಟ ನೋಡುತ್ತೇನೆ. ಯಾವುದಾದರೂ ದೋಷವನ್ನು ದಾಳಿಕೋರರು ಈಗಾಗಲೇ ಬಳಸುತ್ತಿದ್ದಾರೆ ಎಂದು ಅಲ್ಲಿದ್ದರೆ ಅಪ್‌ಡೇಟ್ ಅಂದೇ ಆಗಬೇಕು. ಒಂದೆರಡು ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಕೈಕೊಟ್ಟರೂ ಸರಿಯೇ.

ಅಂಥದ್ದಿಲ್ಲದಿದ್ದರೆ ಮೂರ್ನಾಲ್ಕು ದಿನ ತಡೆಯುತ್ತೇನೆ. ಫೈರ್‌ಫಾಕ್ಸ್‌ನಲ್ಲಿ ಕೊನೆಗೆ .0 ಇರುವ ಆವೃತ್ತಿಯ ಬೆನ್ನಿಗೇ ಅನೇಕ ಸಲ .0.1 ಬರುತ್ತದೆ, ಮೊದಲ ದಿನಗಳ ಕ್ರ್ಯಾಶ್, ಮುದ್ರಣದ ತೊಂದರೆಗಳು ಅದರಲ್ಲಿ ಸರಿಹೋಗಿರುತ್ತವೆ. ಆದರೆ ವಾರ ದಾಟಿಸುವುದಿಲ್ಲ. ತಿದ್ದುಪಡಿ ಹೊರಬಂದ ಮೇಲೆ ಹಳೆಯ ಮತ್ತು ಹೊಸ ಕೋಡ್ ಹೋಲಿಸಿದರೆ ತೂತು ಎಲ್ಲಿತ್ತೆಂದು ಕಂಡುಹಿಡಿಯಬಹುದು, ಹಾಗಾಗಿ ಕಾದಷ್ಟೂ ಅಪಾಯ ಹೆಚ್ಚು. ತಿಂಗಳುಗಟ್ಟಲೆ ಕಾಯಲೇಬೇಕಾದವರಿಗೆ ಫೈರ್‌ಫಾಕ್ಸ್‌ನ ಇಎಸ್‌ಆರ್ (ದೀರ್ಘಾವಧಿ ಬೆಂಬಲದ) ಆವೃತ್ತಿ ಇದೆ: ಭದ್ರತಾ ತಿದ್ದುಪಡಿ ಬರುತ್ತಿರುತ್ತದೆ, ಸೌಲಭ್ಯಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ. ಅಪ್‌ಡೇಟ್ ನಿಲ್ಲಿಸಿ ಕೂರುವುದಕ್ಕಿಂತ ಅದೇ ಮೇಲು.

ಹಾಕುವ ಮುನ್ನ ಪ್ರೊಫೈಲ್ ಫೋಲ್ಡರಿನ (ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್, ಸೆಟ್ಟಿಂಗ್ಸ್ ಇರುವ ಜಾಗ) ನಕಲು ಬೇಕೇ ಬೇಕು. ಹೊಸ ಆವೃತ್ತಿ ಒಮ್ಮೆ ತೆರೆದ ಪ್ರೊಫೈಲನ್ನು ಹಳೆಯ ಫೈರ್‌ಫಾಕ್ಸ್ ಮತ್ತೆ ಸಲೀಸಾಗಿ ತೆರೆಯುವುದಿಲ್ಲ, ಹೊಸ ಪ್ರೊಫೈಲ್ ಮಾಡಿಕೋ ಎನ್ನುತ್ತದೆ. ವಿಳಾಸಪಟ್ಟಿಯಲ್ಲಿ 'ಅಬೌಟ್:ಪ್ರೊಫೈಲ್ಸ್' (about:profiles) ಪುಟ ತೆರೆದರೆ ಫೋಲ್ಡರ್ ಎಲ್ಲಿದೆಯೆಂದು ಸಿಗುತ್ತದೆ. ಬ್ರೌಸರ್ ಪೂರ್ತಿ ಮುಚ್ಚಿದ ಮೇಲೆಯೇ ನಕಲು ಮಾಡಿ. ಬುಕ್‌ಮಾರ್ಕ್ ಮತ್ತು ಇತಿಹಾಸ ಇರುವುದು 'ಪ್ಲೇಸಸ್.ಎಸ್‌ಕ್ಯೂಲೈಟ್' ಕಡತದಲ್ಲಿ, ಬ್ರೌಸರ್ ತೆರೆದಿರುವಾಗ ಇತ್ತೀಚಿನ ಬದಲಾವಣೆಗಳು ಪಕ್ಕದ '-ವಾಲ್' ಕಡತದಲ್ಲಿ ಉಳಿದಿರಬಹುದು. ಪಾಸ್‌ವರ್ಡ್‌ಗೆ 'ಲಾಗಿನ್ಸ್.ಜೆಸನ್' ಒಂದೇ ಸಾಲದು, ಅದರ ಬೀಗ ತೆಗೆಯುವ 'ಕೀ4.ಡಿಬಿ' ಜೊತೆಗಿರಬೇಕು. ವಿಂಡೋಸ್‌ನಲ್ಲಿ ಕ್ರೋಮ್‌ನ ಪ್ರೊಫೈಲ್ ಫೋಲ್ಡರನ್ನು ಬೇರೆ ಕಂಪ್ಯೂಟರಿಗೆ ಒಯ್ದರೆ ಪಾಸ್‌ವರ್ಡ್ ತೆರೆಯುವುದಿಲ್ಲ, ಗೂಢಲಿಪಿಯ ಕೀಲಿ ಆ ಯಂತ್ರದ ಬಳಕೆದಾರ ಖಾತೆಗೆ ಕಟ್ಟಿಕೊಂಡಿರುತ್ತದೆ.

ಎಷ್ಟು ಕಾದರೂ ಬಗೆಹರಿಯದ ಅಪ್‌ಡೇಟ್‌ಗಳೂ ಇವೆ. 2017ರ ನವೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್ 57 ಹಳೆಯ ಬಗೆಯ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಒಂದೇ ಏಟಿಗೆ ನಿಲ್ಲಿಸಿತು. ಕ್ರೋಮ್ ಎಕ್ಸ್‌ಟೆನ್ಶನ್‌ಗಳ ಹಳೆಯ ಮಾದರಿಯಾದ ಮ್ಯಾನಿಫೆಸ್ಟ್ ವಿ2 ಕೈಬಿಟ್ಟಾಗಲೂ ಅದೇ ಕಥೆ. ಇಂಥವು ಬಹಳ ಮೊದಲೇ ಪ್ರಕಟವಾಗಿರುತ್ತವೆ; ಬದಲಿ ಎಕ್ಸ್‌ಟೆನ್ಶನ್ ಹುಡುಕಿ, ಹಳೆಯದರ ಸೆಟ್ಟಿಂಗ್ಸ್ ರಫ್ತು ಮಾಡಿಟ್ಟುಕೊಳ್ಳುವುದು ಆ ಅವಧಿಯ ಕೆಲಸ.

ಅಂದಹಾಗೆ, ಅಪ್‌ಡೇಟ್ ಡೌನ್‌ಲೋಡ್ ಆಗಿದೆ ಅಂದಮಾತ್ರಕ್ಕೆ ಜಾರಿಯಾಗಿಲ್ಲ. ನೂರು ಟ್ಯಾಬ್ ತೆರೆದಿಟ್ಟು ವಾರಗಟ್ಟಲೆ ರೀಸ್ಟಾರ್ಟ್ ಮಾಡದವರು ಅಷ್ಟೂ ದಿನ ಹಳೆಯ ಆವೃತ್ತಿಯಲ್ಲೇ ಇರುತ್ತಾರೆ.

ಹಾಕಿದ ಮೇಲೆ ಲಾಗಿನ್, ಮುದ್ರಣ, ಕ್ಯಾಮೆರಾ, ಮೈಕ್ ಪರೀಕ್ಷಿಸುತ್ತೇನೆ. ಏನಾದರೂ ಕೆಟ್ಟಿದ್ದರೆ ಫೈರ್‌ಫಾಕ್ಸ್‌ನ ಸಹಾಯ ಮೆನುವಿನಿಂದ ಟ್ರಬಲ್‌ಶೂಟ್ ಮೋಡ್‌ಗೆ ಹೋಗುತ್ತೇನೆ. ಅಲ್ಲಿ ಎಕ್ಸ್‌ಟೆನ್ಶನ್, ಥೀಮ್, ಹಾರ್ಡ್‌ವೇರ್ ಆಕ್ಸಲರೇಶನ್ (ಚಿತ್ರ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವುದು) ಎಲ್ಲ ತಾತ್ಕಾಲಿಕವಾಗಿ ಬಂದ್. ಅಲ್ಲಿ ಸರಿಯಾಗಿ ನಡೆದರೆ ಮಾಮೂಲಿ ಮೋಡ್‌ಗೆ ಮರಳಿ, ಮೊದಲು ಹಾರ್ಡ್‌ವೇರ್ ಆಕ್ಸಲರೇಶನ್ ಒಂದನ್ನೇ ಆಫ್ ಮಾಡಿ ನೋಡಿ. ಆಮೇಲೆ ಎಕ್ಸ್‌ಟೆನ್ಶನ್‌ಗಳನ್ನು ಅರ್ಧರ್ಧ ಆಫ್ ಮಾಡುತ್ತ ಬಂದರೆ ತೊಂದರೆ ಕೊಡುವುದು ಸಿಕ್ಕಿಬೀಳುತ್ತದೆ.